ಅರ್ಧ ಮಸೂರ, ಪೂರ್ತಿ ಕಿಟಕಿ

ಚಾಮರಾಜನಗರ
12 ನವೆಂಬರ್ 2024

ಶ್ರೀಮತಿ ಸ್ವರ್ಣಲತಾ, ವಿಜ್ಞಾನ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ, ನೇರಳೆಮರದಹುಂಡಿ, ಗುಂಡ್ಲುಪೇಟೆ ತಾಲ್ಲೂಕು — ಇವರಿಗೆ.

ವಿಷಯ: ಹತ್ತನೇ ತರಗತಿಯ ‘ಬೆಳಕು’ ಪಾಠದ ಪರಿಕಲ್ಪನಾ ಪರೀಕ್ಷೆಯಲ್ಲಿ ಸಾಮೂಹಿಕ ನಕಲು ನಡೆದಿರುವ ಬಗ್ಗೆ ವಿವರಣೆ ಕೇಳಿ ನೋಟಿಸ್.

ಕಳೆದ ಅಕ್ಟೋಬರ್ 24ರಂದು ಜಿಲ್ಲೆಯ 187 ಶಾಲೆಗಳಲ್ಲಿ ಮೇಲ್ಕಂಡ ಪರೀಕ್ಷೆ ನಡೆದಿರುತ್ತದೆ. ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿದ್ದಾರೋ ಅರ್ಥ ಮಾಡಿಕೊಂಡಿದ್ದಾರೋ ಎಂದು ತಿಳಿಯುವುದು ಇದರ ಉದ್ದೇಶವಾಗಿತ್ತು. ಏಳನೇ ಪ್ರಶ್ನೆ ಹೀಗಿತ್ತು: ‘ಪೀನ ಮಸೂರದ ಕೆಳಗಿನ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪರದೆಯ ಮೇಲಿನ ಪ್ರತಿಬಿಂಬ ಏನಾಗುತ್ತದೆ?’ ಕೀ ಉತ್ತರ: ‘ಪ್ರತಿಬಿಂಬದ ಅರ್ಧಭಾಗ ಮಾತ್ರ ಕಾಣುತ್ತದೆ.’ ಜಿಲ್ಲೆಯ ಶೇಕಡಾ 91 ಮಕ್ಕಳು ಈ ಉತ್ತರವನ್ನೇ ಬರೆದಿರುತ್ತಾರೆ.

ತಮ್ಮ ಶಾಲೆಯ 34 ಮಕ್ಕಳ ಪೈಕಿ 34 ಮಂದಿಯೂ ‘ಇಡೀ ಪ್ರತಿಬಿಂಬ ಇರುತ್ತದೆ, ಬೆಳಕು ಮಾತ್ರ ಕಮ್ಮಿಯಾಗುತ್ತದೆ’ ಎಂಬ ಒಂದೇ ತಪ್ಪು ಉತ್ತರವನ್ನು ಒಂದೇ ಮಾತುಗಳಲ್ಲಿ ಬರೆದಿರುತ್ತಾರೆ. ಪರಸ್ಪರ ನೋಡಿ ಬರೆಯದೆ, ಅಥವಾ ಯಾರೋ ಹೇಳಿಕೊಡದೆ ಇದು ಸಾಧ್ಯವಿಲ್ಲ. ಏಳು ದಿನಗಳೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು. ಆರೋಪ ಸಾಬೀತಾದಲ್ಲಿ 34 ವಿದ್ಯಾರ್ಥಿಗಳ ವಿಜ್ಞಾನದ ಆಂತರಿಕ ಅಂಕಗಳನ್ನು ತಡೆಹಿಡಿಯಲಾಗುವುದು.

ಚಂದ್ರಕುಮಾರ್
ಸಂಯೋಜಕ, ಕಲಿಕಾ ಮೌಲ್ಯಮಾಪನ ಘಟಕ


ನೇರಳೆಮರದಹುಂಡಿ
19 ನವೆಂಬರ್ 2024

ಮಾನ್ಯರೇ,

ನಿಮ್ಮ ನೋಟಿಸ್ ತಲುಪಿತು. ನಮ್ಮ ಮುಖ್ಯ ಶಿಕ್ಷಕರು ನೀಲಕಂಠಸ್ವಾಮಿಯವರು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟು, ಒಂದು ಫೋನ್ ಮಾಡಿ ಸಾರಿ ಅಂದುಬಿಡಿ ಮೇಡಂ ಎಂದು ಹೇಳಿ ಹೋದರು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ನೋಟಿಸ್ ಕಾಗದದಲ್ಲಿ ಬಂದಿದೆ, ಉತ್ತರವೂ ಕಾಗದದಲ್ಲೇ ಇರಲಿ.

ನಮ್ಮ ಮಕ್ಕಳು ನಕಲು ಮಾಡಿಲ್ಲ. ಅವರ ಉತ್ತರ ಸರಿ. ನಿಮ್ಮ ಕೀ ಉತ್ತರ ತಪ್ಪು. ನನ್ನ ವಿವರಣೆ ಇಷ್ಟೇ. ಆದರೆ ವಿವರಣೆ ಎಂದರೆ ಒಂದು ಪುಟವಾದರೂ ಇರಬೇಕು ಎಂದು ಮುಖ್ಯ ಶಿಕ್ಷಕರು ಹೇಳುತ್ತಿರುವುದರಿಂದ ಮುಂದುವರಿಸುತ್ತೇನೆ.

ನಮ್ಮ ಶಾಲೆಯಲ್ಲಿ ಇರುವುದು ಒಂದೇ ಪೀನ ಮಸೂರ. ಅದೂ ಒಡೆದು ಅರ್ಧವಾಗಿದೆ, ಇನ್ನರ್ಧ ಎಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತನೇ ತರಗತಿಯ ಕಿಟಕಿ ತೆರೆದರೆ ಎದುರಿಗೆ ಕೇರಳದ ಕಡೆ ಹೋಗುವ ಹೆದ್ದಾರಿ. ಅಕ್ಟೋಬರ್ ತಿಂಗಳಲ್ಲಿ ಎರಡು ಪೀರಿಯಡ್ಡು ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಎದುರು ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿ, ಆ ಅರ್ಧ ಮಸೂರವನ್ನು ಹಾಳೆಯಿಂದ ಒಂದು ಗೇಣು ದೂರದಲ್ಲಿ ಹಿಡಿದೆವು. ಹಾಳೆಯ ಮೇಲೆ ಕಿಟಕಿಯ ಚಿತ್ರ ಪೂರ್ತಿ ಬಿತ್ತು. ಸರಳು, ಚೌಕಟ್ಟು, ಆಚೆಯ ಹುಣಸೆಮರ, ಎಲ್ಲವೂ ತಲೆಕೆಳಗಾಗಿ. ಗುಂಡ್ಲುಪೇಟೆ ಕಡೆಯಿಂದ ಈರುಳ್ಳಿ ಲಾರಿಯೊಂದು ಬಂದು ಹಾಳೆಯ ಮೇಲೆ ಚಕ್ರ ಮೇಲೆ ಮಾಡಿಕೊಂಡು ಹೋಯಿತು. ಅರ್ಧ ಲಾರಿಯಲ್ಲ ಸ್ವಾಮಿ, ಪೂರ್ತಿ ಲಾರಿ. ಮೂವತ್ನಾಲ್ಕು ಮಕ್ಕಳೂ ಒಬ್ಬೊಬ್ಬರಾಗಿ ಬಂದು ಮಸೂರವನ್ನು ತಮ್ಮ ಕೈಯಲ್ಲೇ ಹಿಡಿದು ನೋಡಿದರು. ಅದರಲ್ಲೂ ಸ್ವಲ್ಪ ಭಾಗಕ್ಕೆ ಬೆರಳು ಅಡ್ಡ ಇಟ್ಟರೆ ಚಿತ್ರ ಇನ್ನಷ್ಟು ಮಸುಕಾಗುತ್ತದೆಯೇ ಹೊರತು ಕತ್ತರಿಸಿಹೋಗುವುದಿಲ್ಲ ಎಂದು ಕಂಡರು. ಆಮೇಲೆ ಎಲ್ಲರೂ ಸೇರಿ ಕಂಡದ್ದನ್ನು ಒಂದು ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆದರು. ಪರೀಕ್ಷೆಯಲ್ಲಿ ಅದೇ ವಾಕ್ಯ ಬರೆದಿದ್ದಾರೆ. ಒಂದೇ ಕಿಟಕಿಯನ್ನು ನೋಡಿದವರು ಒಂದೇ ಉತ್ತರ ಬರೆದರೆ ಅದು ನಕಲು ಹೇಗಾಗುತ್ತದೆ?

ಜಿಲ್ಲೆಯಲ್ಲಿ ಶೇಕಡಾ 91 ಮಕ್ಕಳು ಒಂದೇ ತಪ್ಪು ಉತ್ತರ ಬರೆದಿದ್ದಾರೆಂದು ನೀವೇ ಹೇಳಿದ್ದೀರಿ. ಅವರೆಲ್ಲ ಯಾರನ್ನು ನೋಡಿ ಬರೆದರು ಎಂದು ಅವರಿಗೂ ನೋಟಿಸ್ ಕೊಟ್ಟಿದ್ದೀರಾ?

ನಂಬಿಕೆ ಬರದಿದ್ದರೆ ನಿಮ್ಮ ಮನೆಯಲ್ಲೇ ಒಂದು ಭೂತಗನ್ನಡಿ ಹಿಡಿದು ನೋಡಿ. ಹಗಲು ಹೊತ್ತು, ಒಂದು ಕಿಟಕಿ, ಒಂದು ಗೋಡೆ, ಅರ್ಧ ಮುಚ್ಚಲು ಒಂದು ಪೋಸ್ಟ್‌ಕಾರ್ಡು. ಐದು ನಿಮಿಷದ ಕೆಲಸ. ನಾನು ಹದಿನಾಲ್ಕು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ, ನನಗೆ ಯಾರೂ ಬೆಳಕನ್ನು ಹೇಳಿಕೊಡಬೇಕಾಗಿಲ್ಲ. ಕೀ ಉತ್ತರವನ್ನು ತಿದ್ದಿ, ನೋಟಿಸ್ ವಾಪಸ್ ಪಡೆಯಬೇಕೆಂದು ಕೋರುತ್ತೇನೆ.

ಸ್ವರ್ಣಲತಾ


ಚಾಮರಾಜನಗರ
2 ಡಿಸೆಂಬರ್ 2024

ಸ್ವರ್ಣಲತಾ ಮೇಡಂ ಅವರಿಗೆ,

ಇದು ಕಚೇರಿ ಪತ್ರವಲ್ಲ, ಇದಕ್ಕೆ ನಂಬರು ಹಾಕಿಲ್ಲ. ಮೆಸೇಜು ಮಾಡಿದರೆ ಅರ್ಧ ಗಂಟೆಯಲ್ಲಿ ಯಾವ ಯಾವ ಗ್ರೂಪಿಗೆ ಹೋಗುತ್ತದೋ ಹೇಳಲಾಗದು, ಅದಕ್ಕೇ ನಾನೂ ಕಾಗದ ಹಿಡಿದಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸಿ.

ನಿಮ್ಮ ಪ್ರಯೋಗದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕೀ ಉತ್ತರಗಳನ್ನು ಸಿದ್ಧಪಡಿಸಿದವರು ಅನುಭವಿ ವಿಷಯ ತಜ್ಞರು. 187 ಶಾಲೆಗಳ ಅಂಕ ಕಂಪ್ಯೂಟರಿಗೆ ಏರಿದೆ. ‘ಬೆಳಕಿನ ಪರಿಕಲ್ಪನೆ ಜಿಲ್ಲೆಯ ಮಕ್ಕಳಿಗೆ ಚೆನ್ನಾಗಿ ಮನದಟ್ಟಾಗಿದೆ’ ಎಂದು ವರದಿ ಅಚ್ಚಾಗಿ ಬೆಂಗಳೂರಿಗೆ ಹೋಗಿದೆ. ನಮ್ಮ ಮೇಲಧಿಕಾರಿ ಕುಮಾರಸ್ವಾಮಿಯವರಿಗೆ ಅದಕ್ಕಾಗಿ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನವೂ ಆಯಿತು. ಈಗ ಕೀ ಉತ್ತರ ತಿದ್ದುವುದೆಂದರೆ ಏನೆಂದು ನೀವೇ ಯೋಚನೆ ಮಾಡಿ.

ಒಂದು ದಾರಿ ಇದೆ. ‘ಪರೀಕ್ಷೆಯ ದಿನ ಕೊಠಡಿಯ ಮೇಲ್ವಿಚಾರಣೆ ಸ್ವಲ್ಪ ಸಡಿಲವಾಗಿತ್ತು, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ಎಚ್ಚರಿಕೆ ಕೊಟ್ಟು ಫೈಲು ಮುಚ್ಚುತ್ತೇನೆ. ಮಕ್ಕಳ ಅಂಕಕ್ಕೆ ತೊಂದರೆಯಾಗದು. ನಿಮ್ಮ ಸೇವಾ ಪುಸ್ತಕಕ್ಕೂ ಏನೂ ಏರುವುದಿಲ್ಲ, ಅದು ನನ್ನ ಹೊಣೆ.

ನಾನು ಉಮ್ಮತ್ತೂರಿನವನು ಮೇಡಂ. ಬಸ್ಸಿನಲ್ಲಿ ನಿಂತುಕೊಂಡು ಬಂದು ಇದೇ ಊರಿನಲ್ಲಿ ಓದಿದವನು, ಭೌತಶಾಸ್ತ್ರದವನೇ. ಹಳ್ಳಿಯ ಮಕ್ಕಳ ಮೇಲೆ ನನಗೇಕೆ ದ್ವೇಷ? ದಯವಿಟ್ಟು ಆ ಒಂದು ಸಾಲು ಬರೆದು ಕಳಿಸಿ.

ಚಂದ್ರಕುಮಾರ್


ನೇರಳೆಮರದಹುಂಡಿ
6 ಡಿಸೆಂಬರ್ 2024

ಚಂದ್ರಕುಮಾರ್ ಅವರೇ,

ಆ ಒಂದು ಸಾಲು ಬರೆಯುವುದಿಲ್ಲ.

ನೀವು ಅದನ್ನು ದಾರಿ ಎಂದು ಕರೆದಿರಿ. ನನಗೆ ಅದು ತಿಪ್ಪೆ ಸಾರಿಸಿದಂತೆ ಕಾಣುತ್ತದೆ. ಕೊಠಡಿಯಲ್ಲಿ ಸಡಿಲವಾಗಿತ್ತು ಎಂದು ನಾನು ಸಹಿ ಮಾಡಿದರೆ ಮಕ್ಕಳು ಕದ್ದು ಬರೆದರು ಎಂದು ನಾನೇ ಒಪ್ಪಿಕೊಂಡಂತೆ. ಅಂಕ ಉಳಿಯುತ್ತದೆ, ಹೆಸರು ಹೋಗುತ್ತದೆ. ಹತ್ತನೇ ತರಗತಿಯ ಮಕ್ಕಳಿಗೂ ಹೆಸರು ಎಂಬುದೊಂದು ಇರುತ್ತದೆ ಎಂದು ನಿಮ್ಮ ಘಟಕದಲ್ಲಿ ಯಾರಿಗೂ ಹೊಳೆಯಲಿಲ್ಲವೇ?

ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಚಿಕ್ಕಬೀರಯ್ಯ. ಅವರ ಮಗಳು ತೇಜಸ್ವಿನಿ ಈ ಮೂವತ್ನಾಲ್ಕರಲ್ಲಿ ಒಬ್ಬಳು. ಗುಂಡ್ಲುಪೇಟೆ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವವರು ಅವರು. ಯಾರೋ ಸುದ್ದಿ ಮುಟ್ಟಿಸಿದ್ದಾರೆ, ಬುಧವಾರ ಕೆಲಸ ಬಿಟ್ಟು ಬಂದು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನನ್ ಮಗ್ಳು ನನ್ ಜೇಬಿಂದ ಒಂದ್ ರೂಪಾಯ್ ಮುಟ್ದೋಳಲ್ಲ ಕಣ್ ಮೇಡಮ್ಮೋರೆ,” ಎಂದರು. “ಅವ್ಳು ಕದ್ದು ಬರ್ದವ್ಳೆ ಅಂತ ಬಂದಿರೋ ಕಾಗ್ದವ ವಸಿ ಓದಿ. ನಾನು ಕೇಳ್ಬೇಕು.”

ಓದಿದೆ. ಮೊದಲಿಂದ ಕೊನೆಯವರೆಗೆ, ನಿಮ್ಮ ಹೆಸರಿನ ಸಮೇತ ಓದಿದೆ. ನೀಲಕಂಠಸ್ವಾಮಿಯವರು ಮಧ್ಯೆ ಬಂದು, ಮೇಲಿನವರ ಹತ್ತಿರ ಹಟ ಬೇಡ, ಒಂದು ಸಹಿ ಹಾಕಿದರೆ ಮುಗಿದುಹೋಗುತ್ತದೆ ಎಂದು ಅವರಿಗೂ ಬುದ್ಧಿ ಹೇಳಲು ನೋಡಿದರು. ಚಿಕ್ಕಬೀರಯ್ಯನವರು ಅವರ ಕಡೆ ತಿರುಗಲೂ ಇಲ್ಲ. ತಾವೂ ಆ ಗಾಜನ್ನು ನೋಡಬೇಕು ಎಂದರು. ತೇಜಸ್ವಿನಿಯೇ ಹಿಡಿದು ತೋರಿಸಿದಳು. ಅಪ್ಪ ಹಾಳೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿ, ಕಿಟಕಿಯ ಹತ್ತಿರ ಹೋಗಿ ಹುಣಸೆಮರವನ್ನು ನೋಡಿ, ಮತ್ತೆ ಬಂದು ಹಾಳೆಯನ್ನು ನೋಡಿದರು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: “ಮೇಡಮ್ಮೋರೆ, ಸೈನು ಆಕ್ಬೇಡಿ.”

ಹಾಗಾಗಿ ಸೈನು ಹಾಕುವುದಿಲ್ಲ.

ಇನ್ನು ನಿಮ್ಮ ಅನುಭವಿ ವಿಷಯ ತಜ್ಞರ ವಿಚಾರ. ಯಾರು ಆ ಮಹಾನುಭಾವರು? ಅವರ ಹೆಸರು ಬರೆದು ಕಳಿಸಿ, ನಾನು ನೇರವಾಗಿ ಅವರಿಗೇ ಬರೆಯುತ್ತೇನೆ. ಯಾರೋ ದೊಡ್ಡವರನ್ನು ಬಚಾವು ಮಾಡಲು ನೀವು ಮಧ್ಯೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೀರೆಂದು ನನಗೆ ಅನುಮಾನ. ನಿಮ್ಮ ಮೇಲೆ ಕನಿಕರವೂ ಇದೆ. ಆದರೆ ನನ್ನ ಮಕ್ಕಳನ್ನು ಅಡ್ಡ ಇಟ್ಟು ಅವರನ್ನು ಕಾಯಬೇಡಿ.

ಭೂತಗನ್ನಡಿ ಹಿಡಿದು ನೋಡಿದಿರಾ ಇಲ್ಲವಾ, ಅದನ್ನೂ ಬರೆಯಲಿಲ್ಲ.

ಸ್ವರ್ಣಲತಾ


ಚಾಮರಾಜನಗರ
17 ಡಿಸೆಂಬರ್ 2024

ವಿಷಯ: ಮರುಪರೀಕ್ಷೆ ಕುರಿತು.

ತಮ್ಮ ವಿವರಣೆ ತೃಪ್ತಿಕರವಾಗಿಲ್ಲದ ಕಾರಣ ಸದರಿ 34 ವಿದ್ಯಾರ್ಥಿಗಳಿಗೆ ಏಳನೇ ಪ್ರಶ್ನೆಯ ಮರುಪರೀಕ್ಷೆಯನ್ನು 6 ಜನವರಿ 2025ರ ಬೆಳಿಗ್ಗೆ 11 ಗಂಟೆಗೆ ಗುಂಡ್ಲುಪೇಟೆಯ ಕೇಂದ್ರದಲ್ಲಿ ನಡೆಸಲು ತೀರ್ಮಾನಿಸಲಾಗಿದೆ. ಕೀ ಉತ್ತರದಲ್ಲಿ ಬದಲಾವಣೆ ಇರುವುದಿಲ್ಲ. ಮರುಪರೀಕ್ಷೆಯಲ್ಲಿ ಕೀ ಉತ್ತರ ಬರೆದ ವಿದ್ಯಾರ್ಥಿಗಳ ಮೇಲಿನ ಆರೋಪ ಕೈಬಿಡಲಾಗುವುದು. ಉಳಿದವರ ವಿಜ್ಞಾನದ ಆಂತರಿಕ ಅಂಕ ತಡೆಹಿಡಿಯಲಾಗುವುದು. ವೀಕ್ಷಕನಾಗಿ ನಾನೇ ಹಾಜರಿರುತ್ತೇನೆ. ತಾವು ಕೇಂದ್ರದ ಒಳಗೆ ಬರತಕ್ಕದ್ದಲ್ಲ.

ಚಂದ್ರಕುಮಾರ್
ಸಂಯೋಜಕ


ನೇರಳೆಮರದಹುಂಡಿ
3 ಜನವರಿ 2025

ಚಂದ್ರಕುಮಾರ್ ಅವರೇ,

ನೀವು ಗೆದ್ದಿರಿ. ಸೋಮವಾರ ನಿಮಗೆ ಮೂವತ್ನಾಲ್ಕು ‘ಅರ್ಧ’ಗಳು ಸಿಗುತ್ತವೆ. ಮಕ್ಕಳಿಗೆ ಇವತ್ತು ಹಾಗೆಂದು ಹೇಳಿದ್ದೇನೆ.

ಹದಿನೇಳನೇ ತಾರೀಖಿನ ನಿಮ್ಮ ಕಾಗದ ಬಂದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಎರಡು ಕಚೇರಿ ಹತ್ತಿದೆ. ಒಂದರಲ್ಲಿ ಕಾಯಿಸಿ ಕಳಿಸಿದರು, ಇನ್ನೊಂದರಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ಇಷ್ಟೊಂದು ರಂಪವೇಕೆ ಎಂದು ನಕ್ಕರು. ನನಗೂ ನನ್ನ ಹಟ ಸಾಕು ಅನ್ನಿಸಿತು. ಆಂತರಿಕ ಅಂಕ ಇಲ್ಲದೆ ಹೋದರೆ ಇವರಲ್ಲಿ ಅರ್ಧ ಜನರಿಗೆ ಪಿಯುಸಿಯಲ್ಲಿ ವಿಜ್ಞಾನ ಸಿಗುವುದಿಲ್ಲ. ತೇಜಸ್ವಿನಿಗೆ ವಿಜ್ಞಾನವೇ ಬೇಕು, ಅವಳ ಬಾಯಲ್ಲಿ ಬೇರೆ ಮಾತಿಲ್ಲ. ನನ್ನ ಜಗಳಕ್ಕೆ ಅವಳು ದಂಡ ತೆರಬೇಕೇ? ಅದಕ್ಕೆ ಬೆಳಿಗ್ಗೆ ತರಗತಿಗೆ ಹೋಗಿ, ಈ ಒಂದು ಸಲ ಕೀ ಉತ್ತರ ಬರೆದುಬಿಡಿ, ಅರ್ಧ ಎಂದು ಬರೆದುಬಿಡಿ ಎಂದೆ. ಹೇಳುವಾಗ ಬೋರ್ಡಿನ ಕಡೆ ತಿರುಗಿಕೊಂಡಿದ್ದೆ.

ತೇಜಸ್ವಿನಿ ಎದ್ದು ನಿಂತಳು. “ಮಿಸ್, ಈಗ ಅರ್ಧ ಅಂತ ಬರುದ್ರೆ, ಮೊದ್ಲು ಬರ್ದಿದ್ದು ಕಾಪಿ ಅಂತ ನಾವೇ ಒಪ್ಕೊಂಡಂಗಾಗಲ್ವಾ?”

ಈ ಮಾತನ್ನೇ ಅಲ್ಲವೇ ನಾನು ನಿಮಗೆ ಬರೆದದ್ದು? ಆದರೂ, ಕೂತ್ಕೊ ಕಣಮ್ಮಿ, ದೊಡ್ಡೋರು ಹೇಳಿದ್ದು ಕೇಳು ಎಂದು ಗದರಿದೆ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ನಾಚಿಕೆಯ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆಂದು ಜಂಬ ಕೊಚ್ಚಿಕೊಂಡೆನಲ್ಲ, ಈ ದಸರೆಯವರೆಗೆ ಅಷ್ಟೂ ವರ್ಷ ನಾನು ಮಕ್ಕಳಿಗೆ ಬರೆಸಿದ್ದು ‘ಅರ್ಧ’ ಎಂದೇ. ನಾನು ಓದುವಾಗ ನನ್ನ ಮೇಷ್ಟ್ರು ಹಾಗೆ ಬರೆಸಿದ್ದರು, ನಾನೂ ಬರೆಸಿದೆ. ಮಸೂರ ಒಡೆದು ಒಂಬತ್ತು ವರ್ಷವಾಯಿತು. ಅರ್ಧ ಮಸೂರದಲ್ಲಿ ಅರ್ಧ ಚಿತ್ರ ತಾನೇ ಬರುವುದು, ಅದನ್ನೇನು ತೋರಿಸುವುದು ಎಂದು ಬೀರುವಿನಿಂದ ಆಚೆಗೇ ತೆಗೆದಿರಲಿಲ್ಲ. ಒಂದು ದಿನ, ಒಂದೇ ಒಂದು ದಿನ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು.

ದಸರೆ ರಜೆಗೆ ಮುಂಚಿನ ದಿನ ಶಾಲೆಯಲ್ಲಿ ಆಯುಧಪೂಜೆ ಮಾಡುವುದು ನಮ್ಮಲ್ಲಿ ಪದ್ಧತಿ. ಕಂಪ್ಯೂಟರು, ಗಂಟೆ, ಬಿಸಿಯೂಟದ ಕುಕ್ಕರು, ವಿಜ್ಞಾನದ ಬೀರುವಿನ ಸಾಮಾನು, ಎಲ್ಲವನ್ನೂ ಒರೆಸಿ, ಕುಂಕುಮ ಇಟ್ಟು, ಚೆಂಡುಹೂ ಹಾಕುತ್ತೇವೆ. ಒಡೆದದ್ದನ್ನು ಪೂಜೆಗೆ ಇಡಬಾರದು, ಆ ಗಾಜಿನ ಚೂರನ್ನು ಕಸಕ್ಕೆ ಹಾಕು ಎಂದು ತೇಜಸ್ವಿನಿಗೆ ಹೇಳಿದವಳು ನಾನೇ. ಅವಳು ಹಾಕಲಿಲ್ಲ. ಲಂಗದ ಅಂಚಿನಲ್ಲಿ ಒರೆಸಿ, ಗೋಡೆಯ ಹತ್ತಿರ ಹಿಡಿದು, “ಮಿಸ್, ಕಿಟ್ಕಿ ಪೂರ್ತಿ ಅದೆ ಕಣ್ ಮಿಸ್,” ಎಂದಳು. ಸುಳ್ಳು ಹೇಳಬೇಡ ಎಂದು ನಾನು ಬೈದೆ. ಬೈದ ಮೇಲೆ ಹೋಗಿ ನೋಡಿದೆ.

ಆಮೇಲೆ ತರಗತಿಯಲ್ಲಿ ಎಲ್ಲರಿಗೂ ತೋರಿಸಿದ್ದು ನಿಜ. ಆದರೆ ಮೊದಲೇ ಗೊತ್ತಿದ್ದವಳ ಹಾಗೆ ತೋರಿಸಿದೆ. ಅವಳ ಹೆಸರು ಹೇಳಲಿಲ್ಲ. ನಿಮಗೂ ಹೇಳಲಿಲ್ಲ.

ಇಷ್ಟನ್ನು ಬರೆದ ಮೇಲೆ ನಿಮ್ಮನ್ನು ಕೇಳುವುದು ಒಂದೇ. ಸೋಮವಾರ ಆ ಹುಡುಗಿ ‘ಅರ್ಧ’ ಎಂದು ಬರೆದಿದ್ದರೆ, ಅದು ಅವಳಿಗೆ ಗೊತ್ತಿಲ್ಲದೆ ಬರೆದದ್ದಲ್ಲ ಎಂದು ನಿಮಗಾದರೂ ಗೊತ್ತಿರಲಿ. ಈ ಪತ್ರ ನಾಳೆಯ ಟಪ್ಪಾಲಿಗೆ ಹಾಕುತ್ತೇನೆ.

ಸ್ವರ್ಣಲತಾ


ಚಾಮರಾಜನಗರ
10 ಜನವರಿ 2025

ಮೇಡಂ,

ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ಎಂಟನೇ ತಾರೀಖು, ಮರುಪರೀಕ್ಷೆ ಮುಗಿದು ಎರಡು ದಿನವಾದ ಮೇಲೆ. ಹಾಗಾಗಿ ಸೋಮವಾರ ನಾನು ಏನೂ ತಿಳಿಯದೆ ಬಂದಿದ್ದೆ.

ಒಂದು ಬೆಂಚಿಗೆ ಒಬ್ಬರಂತೆ ಕೂರಿಸಿದೆ. ಪ್ರಶ್ನೆ ಅದೇ. ಆದರೆ ‘ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂಬುದೊಂದನ್ನು ನಾನೇ ಬೋರ್ಡಿನ ಮೇಲೆ ಸೇರಿಸಿದೆ. ಯಾಕೆ ಸೇರಿಸಿದೆನೋ ಆಗ ನನಗೂ ಸ್ಪಷ್ಟವಿರಲಿಲ್ಲ. ಅರ್ಧ ಗಂಟೆ ಕೊಟ್ಟೆ. ಯಾರೂ ಅತ್ತ ಇತ್ತ ತಿರುಗಲಿಲ್ಲ. ಪತ್ರಿಕೆಗಳನ್ನು ಕಟ್ಟಿಕೊಂಡು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತು ಓದಲು ಹಿಡಿದೆ. ಚಾಮರಾಜನಗರದ ಎರಡು ಬಸ್ಸು ಹೋದವು. ನಾನು ಏಳಲಿಲ್ಲ.

ಮೂವತ್ನಾಲ್ಕರಲ್ಲಿ ಮೂವತ್ತೆರಡು ಮಂದಿ ‘ಪೂರ್ತಿ’ ಎಂದು ಬರೆದಿದ್ದಾರೆ. ಇಬ್ಬರು ಮಾತ್ರ ‘ಅರ್ಧ’.

ಈ ಸಲ ಯಾವ ಎರಡು ಪತ್ರಿಕೆಯಲ್ಲೂ ಒಂದೇ ವಾಕ್ಯವಿಲ್ಲ. ಒಬ್ಬ ಹುಡುಗ ಹೀಗೆ ಬರೆದಿದ್ದಾನೆ: ‘ಹತ್ತು ಜನ ಲೋಡು ಮಾಡೋ ಲಾರಿಗೆ ಐದೇ ಜನ ನಿಂತರೂ ಲಾರಿ ಅರ್ಧಕ್ಕೆ ನಿಲ್ಲಲ್ಲ, ಹೊತ್ತು ಜಾಸ್ತಿ ಆಗುತ್ತೆ ಅಷ್ಟೆ.’ ಹೋಲಿಕೆ ಪೂರ್ತಿ ಸರಿಯಿಲ್ಲ, ಆದರೆ ಹುಡುಗನಿಗೆ ವಿಷಯ ಅರ್ಥವಾಗಿದೆ. ಒಬ್ಬಳು ಕಿಟಕಿಯ ಒಂದೇ ಸರಳಿನಿಂದ ಮಸೂರದ ಎಲ್ಲ ಕಡೆಗೂ ಗೆರೆ ಎಳೆದು, ಅರ್ಧ ಗೆರೆಗಳನ್ನು ಕತ್ತರಿಸಿ, ಉಳಿದವು ಅದೇ ಜಾಗಕ್ಕೆ ಬಂದು ಸೇರುವುದನ್ನು ಚಿತ್ರ ಬರೆದು ತೋರಿಸಿದ್ದಾಳೆ. ನಾನು ಎಂ.ಎಸ್ಸಿ. ಮಾಡುವಾಗಲೂ ಅಷ್ಟು ಚೊಕ್ಕವಾಗಿ ಬರೆದಿರಲಿಲ್ಲ. ಮಕ್ಕಳಿಗೆ ಅರ್ಥವಾಗಿದೆಯೇ ಎಂದು ಪರೀಕ್ಷೆ ಮಾಡಲು ಸರ್ಕಾರ ನನ್ನನ್ನು ಇಟ್ಟಿದೆ, ಅರ್ಥವಾಗಿರುವುದು ಕಣ್ಣ ಮುಂದೆ ಬಂದಾಗ ನಾನು ಅದನ್ನು ನಕಲು ಎಂದು ಕರೆದೆ.

ತೇಜಸ್ವಿನಿ ಎಂಬ ಹುಡುಗಿಯ ಪತ್ರಿಕೆಯಲ್ಲಿ ಇರುವುದು ಮೂರೇ ವಾಕ್ಯ. ಅವನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ‘ನಮ್ಮ ಮಿಸ್ ಅರ್ಧ ಎಂದು ಬರೆಯಲು ಹೇಳಿದರು, ಅವರು ನಮಗಾಗಿ ಹೆದರಿದ್ದಾರೆ. ನಾನು ನೋಡಿದ್ದು ಪೂರ್ತಿ. ನೋಡಿದ್ದನ್ನು ಬಿಟ್ಟು ಬೇರೆ ಬರೆಯಲು ನನಗೆ ಬರುವುದಿಲ್ಲ.’

ಈಗ ನನ್ನ ಸರದಿ. ಅನುಭವಿ ವಿಷಯ ತಜ್ಞರ ಹೆಸರು ಕೇಳಿದ್ದಿರಿ. ಏಳನೇ ಪ್ರಶ್ನೆಯನ್ನೂ ಅದರ ಕೀ ಉತ್ತರವನ್ನೂ ಬರೆದವನು ನಾನೇ. ದೊಡ್ಡವರು ಯಾರೂ ಇಲ್ಲ. ಒಂದು ಮಧ್ಯಾಹ್ನ ಹತ್ತೂ ಪ್ರಶ್ನೆ ಮುಗಿಸಿ ಟೈಪಿಗೆ ಕೊಡಬೇಕಿತ್ತು, ಅರ್ಧ ಮುಚ್ಚಿದರೆ ಅರ್ಧ ಎಂದು ಬರೆದುಬಿಟ್ಟೆ, ಇನ್ನೊಮ್ಮೆ ಯೋಚಿಸಲಿಲ್ಲ. ಇನ್ನೂ ಒಂದಿದೆ. ನಿಮ್ಮ ಮೊದಲ ಪತ್ರ ಬಂದ ವಾರವೇ, ನವೆಂಬರ್ 24ರ ಭಾನುವಾರ, ನಡುಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಪೋಸ್ಟ್‌ಕಾರ್ಡು ಅಡ್ಡ ಇಟ್ಟೆ. ಎದುರು ಮನೆಯ ಟೆರೇಸು, ಅದರ ಮೇಲೆ ಒಣಗುತ್ತಿದ್ದ ಬಟ್ಟೆ, ಎಲ್ಲ ಪೂರ್ತಿಯಾಗಿ ಗೋಡೆಯ ಮೇಲಿತ್ತು. ನನ್ನ ಹೆಂಡತಿ ಮಂಗಳಗೌರಿ, ಏನ್ರೀ ಅದು ಎಂದು ಕೇಳಿದಳು. ಏನಿಲ್ಲ ಎಂದೆ. ಡಿಸೆಂಬರ್ ಎರಡರ ಪತ್ರವನ್ನೂ ಹದಿನೇಳರ ಪತ್ರವನ್ನೂ ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇಲ್ಲ.

ನಿನ್ನೆ ಕುಮಾರಸ್ವಾಮಿಯವರ ಮುಂದೆ ಪತ್ರಿಕೆಗಳನ್ನು ಇಟ್ಟೆ. ಕೀ ಉತ್ತರ ತಿದ್ದಲು ಅವರು ಸುತರಾಂ ಒಪ್ಪಲಿಲ್ಲ. ಕೊನೆಗೆ ಮಕ್ಕಳನ್ನು ಬಿಟ್ಟುಬಿಡಲು ಒಪ್ಪಿದರು. ಆದೇಶ ಜೊತೆಗಿದೆ. ‘ಸಂಶಯದ ಲಾಭ ನೀಡಿ 34 ವಿದ್ಯಾರ್ಥಿಗಳ ಮೇಲಿನ ನಕಲು ಆರೋಪವನ್ನು ಕೈಬಿಡಲಾಗಿದೆ.’ ಅಂಕ ಎಲ್ಲರಿಗೂ ಸಿಗುತ್ತದೆ. ನೀವು ಸ್ವೀಕೃತಿಯ ಸಹಿ ಹಾಕಿ ಕಳಿಸಿದರೆ ಎಲ್ಲ ಮುಗಿಯುತ್ತದೆ. ನನ್ನಿಂದಾದದ್ದು ಇಷ್ಟು. ಕ್ಷಮೆ ಕೇಳುತ್ತೇನೆ.

ಚಂದ್ರಕುಮಾರ್


ನೇರಳೆಮರದಹುಂಡಿ
20 ಜನವರಿ 2025

ಚಂದ್ರಕುಮಾರ್ ಅವರೇ,

ನಿಮ್ಮ ಪತ್ರವನ್ನು ಹತ್ತನೇ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಜನವರಿ ಮೂರರ ಪತ್ರದ ನಕಲನ್ನೂ ಓದಿದೆ, ಹಾಗಾಗಿ ಲೆಕ್ಕ ಸಮ. ಗಾಜಿನ ಚೂರನ್ನು ಕಸಕ್ಕೆ ಹಾಕು ಎಂದವಳು ನಾನು, ಕಂಡುಹಿಡಿದವಳು ತೇಜಸ್ವಿನಿ ಎಂದು ಎಲ್ಲರ ಮುಂದೆ ಹೇಳಿದೆ. ಅವಳನ್ನು ಗದರಿದ್ದಕ್ಕೆ ತಪ್ಪಾಯಿತು ಎಂದೂ ಹೇಳಿದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಹದಿನಾಲ್ಕು ವರ್ಷದಲ್ಲಿ ಮಕ್ಕಳ ಮುಂದೆ ನಾನು ತಪ್ಪಾಯಿತು ಎಂದದ್ದು ಇದೇ ಮೊದಲು.

‘ಅರ್ಧ’ ಎಂದು ಬರೆದ ಇಬ್ಬರಲ್ಲಿ ಮಹದೇವಪ್ರಸಾದ್ ಎಂಬ ಹುಡುಗ ಒಬ್ಬ. ನನ್ನ ಮಾತು ಕೇಳಿದವನು, ಪಾಪ. ಊಟದ ಬಿಡುವಿನಲ್ಲಿ ಬಂದು, ನಾನು ಸುಳ್ಳು ಬರೆದೆನಾ ಮಿಸ್ ಎಂದು ಅತ್ತ. ಅವನ ತಪ್ಪು ನನ್ನದು, ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ನಿಮ್ಮ ಆದೇಶವನ್ನು ಓದಿದಾಗ ಕೈ ಎತ್ತಿದವಳು ತೇಜಸ್ವಿನಿಯೇ. ಸಂಶಯದ ಲಾಭ ಅಂದರೆ ಏನು ಎಂದು ಕೇಳಿದಳು. ಕದ್ದಿರಬಹುದು, ಕದ್ದಿಲ್ಲದೆಯೂ ಇರಬಹುದು, ಗೊತ್ತಾಗಲಿಲ್ಲ, ಹೋಗಲಿ ಬಿಡು ಅಂತ ಅರ್ಥ ಎಂದೆ. “ಗೊತ್ತಾಗದೆ ಏನು ಮಿಸ್?” ಎಂದಳು. “ಅವ್ರೂ ನೋಡವ್ರೆ, ನೀವೂ ನೋಡಿದ್ದೀರಿ, ನಾವೂ ನೋಡಿದ್ದೀವಿ. ಇನ್ಯಾರ್ಗೆ ಸಂಶಯ?”

ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆಯಿರಿ.

ಆದ್ದರಿಂದ ಆದೇಶವನ್ನು ಸ್ವೀಕೃತಿಯ ಸಹಿಯಿಲ್ಲದೆ ವಾಪಸ್ ಕಳಿಸುತ್ತಿದ್ದೇನೆ. ಹಿಂದಿನ ಪುಟದಲ್ಲಿ ‘ನಮಗೆ ಸಂಶಯದ ಲಾಭ ಬೇಡ’ ಎಂದು ಬರೆದು ಮೂವತ್ನಾಲ್ಕು ಮಕ್ಕಳು ಸಹಿ ಮಾಡಿದ್ದಾರೆ. ಮಹದೇವಪ್ರಸಾದನದೂ ಇದೆ. ಮಕ್ಕಳ ಸಹಿಯ ಕೆಳಗಿರುವ ಹೆಬ್ಬೆಟ್ಟು ಚಿಕ್ಕಬೀರಯ್ಯನವರದು. ನೀಲಕಂಠಸ್ವಾಮಿಯವರು ಸಹಿ ಹಾಕಲಿಲ್ಲ, ಆದರೆ ಲಕೋಟೆಗೆ ಶಾಲೆಯ ಮೊಹರು ಹೊಡೆಯುವಾಗ ತಡೆಯಲೂ ಇಲ್ಲ. ಅವರ ಮಟ್ಟಿಗೆ ಅದೂ ದೊಡ್ಡದೇ.

ವಿಜ್ಞಾನದ ಆಂತರಿಕ ಅಂಕಗಳನ್ನು ನಾನೇ ನನ್ನ ಕೈಯಾರೆ ರಿಜಿಸ್ಟರಿಗೆ ಏರಿಸಿ ಸಹಿ ಮಾಡಿದ್ದೇನೆ. ಏಳನೇ ಪ್ರಶ್ನೆಗೂ ಪೂರ್ತಿ ಅಂಕ ಕೊಟ್ಟಿದ್ದೇನೆ. ಹೊಡೆದುಹಾಕಬೇಕು ಅನ್ನುವವರು ಇಲ್ಲಿಗೇ ಬರಲಿ, ಮಕ್ಕಳ ಮುಂದೆಯೇ ಹೊಡೆದುಹಾಕಲಿ.

ನಿಮ್ಮ ಕ್ಷಮೆ ನನಗೆ ಬೇಡ. ನನ್ನ ಹತ್ತಿರ ಕೇಳುವುದು ಸುಲಭ, ನಾನೂ ನಿಮ್ಮಂತೆಯೇ ತಪ್ಪು ಮಾಡಿದವಳು. ನೀವು ಕಳ್ಳರೆಂದು ಕರೆದದ್ದು ಮಕ್ಕಳನ್ನು. ಕರೆದದ್ದು ನಂಬರು ಹಾಕಿದ ಕಾಗದದಲ್ಲಿ. ತಿದ್ದುವುದೂ ನಂಬರು ಹಾಕಿದ ಕಾಗದದಲ್ಲೇ ಆಗಲಿ.

ಸ್ವರ್ಣಲತಾ


ಚಾಮರಾಜನಗರ
24 ಜನವರಿ 2025

ತಿದ್ದುಪಡಿ ಆದೇಶ

ದಿನಾಂಕ 10.01.2025ರ ಆದೇಶವನ್ನು ರದ್ದುಪಡಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

ನೇರಳೆಮರದಹುಂಡಿ ಸರ್ಕಾರಿ ಪ್ರೌಢಶಾಲೆಯ 34 ವಿದ್ಯಾರ್ಥಿಗಳು ನಕಲು ಮಾಡಿರುವುದಿಲ್ಲ. ಏಳನೇ ಪ್ರಶ್ನೆಗೆ ಅವರು ಅಕ್ಟೋಬರ್ 24ರಂದು ಬರೆದ ಉತ್ತರ ಸರಿಯಾಗಿರುತ್ತದೆ. ಘಟಕದ ಕೀ ಉತ್ತರ ತಪ್ಪಾಗಿರುತ್ತದೆ. ಮಸೂರದ ಅರ್ಧಭಾಗ ಮುಚ್ಚಿದರೂ ಪ್ರತಿಬಿಂಬ ಪೂರ್ತಿ ಇರುತ್ತದೆ, ಬೆಳಕು ಮಾತ್ರ ಕಮ್ಮಿಯಾಗುತ್ತದೆ. 187 ಶಾಲೆಗಳೂ ಈ ಪ್ರಶ್ನೆಯನ್ನು ಮತ್ತೆ ಮೌಲ್ಯಮಾಪನ ಮಾಡತಕ್ಕದ್ದು. ಅದಕ್ಕೆ ಮೊದಲು ಪ್ರತಿ ಶಾಲೆಯ ಶಿಕ್ಷಕರು ತಮ್ಮ ಬೀರುವಿನಲ್ಲಿರುವ ಮಸೂರವನ್ನು, ಒಡೆದಿದ್ದರೂ ಸರಿ, ಹೊರತೆಗೆದು ಮಕ್ಕಳ ಕೈಗೆ ಕೊಡತಕ್ಕದ್ದು.

ಸದರಿ ತಪ್ಪು ಉತ್ತರವನ್ನು ಬರೆದವನು ಕೆಳಗೆ ಸಹಿ ಮಾಡಿರುವವನು. ಅದು ತಪ್ಪೆಂದು ನವೆಂಬರ್ 24ರಂದೇ ತಿಳಿದಿದ್ದರೂ ಮುಚ್ಚಿಟ್ಟವನೂ ಅವನೇ. ಈ ಆದೇಶಕ್ಕೆ ಮೇಲಧಿಕಾರಿಗಳ ಅನುಮೋದನೆ ಪಡೆದಿರುವುದಿಲ್ಲ, ಕೇಳಿದರೆ ಸಿಗುವುದಿಲ್ಲವಾದ್ದರಿಂದ ಕೇಳಿಲ್ಲ. ಇದರ ಬಗ್ಗೆ ವಿವರಣೆ ಕೇಳಿ ನೋಟಿಸ್ ಕೊಡುವುದಿದ್ದಲ್ಲಿ ನನ್ನ ಹೆಸರಿಗೇ ಕೊಡತಕ್ಕದ್ದು. ಏಳು ದಿನಗಳ ಕಾಲಾವಕಾಶ ಬೇಕಾಗಿಲ್ಲ, ಉತ್ತರ ಬರೆದಿಟ್ಟಿದ್ದೇನೆ.

ಪ್ರತಿ: 187 ಶಾಲೆಗಳ ಮುಖ್ಯ ಶಿಕ್ಷಕರಿಗೆ.
ಪ್ರತಿ: ಕುಮಾರಿ ತೇಜಸ್ವಿನಿ, ಹತ್ತನೇ ತರಗತಿ, ಇವರಿಗೆ ಗೌರವಪೂರ್ವಕವಾಗಿ.

ಚಂದ್ರಕುಮಾರ್